ಕಾಲು ಸುಳ್ಳು ಹೇಳುವುದಿಲ್ಲ

ಬ್ರೇಕಕ್ಕನಿಗೆ ಸುಮ್ಮನೆ ಕೂರುವುದು ಎಂದರೇನು ಎಂಬುದೇ ಗೊತ್ತಿರಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಪಕ್ಕದ ಸೀಟಿನವರ ಕಾಲಿಗೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಕಂಗಾಲಾದಾಗ ಕಲಿಸುವವರು ಒತ್ತಲಿ ಅಂತ. ಆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಹಾಗಾಗಿ ಬಸ್ಸಿನಲ್ಲಿ ಕೂತರೂ ಅವಳ ಕಾಲು ಒತ್ತುತ್ತದೆ, ಗಂಡನ ಸ್ಕೂಟರಿನ ಹಿಂದೆ ಕೂತರೂ ಒತ್ತುತ್ತದೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಒರಗಿದ್ದಾಗಲೂ ಒತ್ತಿ, ಆ ಪುಣ್ಯಾತ್ಮನ ಸ್ಟೂಲನ್ನು ಗೋಡೆಗೆ ತಳ್ಳಿದ್ದಳು. ಬ್ರೇಕಕ್ಕ ಎನ್ನುವುದು ಕಲಿಯಲು ಬಂದವರು ಇಟ್ಟ ಹೆಸರು. ಈಗ ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ.

ಅವತ್ತು ಬೆಳಿಗ್ಗೆ ಅವಳು ಕ್ಲಿನಿಕ್ಕಿಗೆ ಹೋಗಿ ರಕ್ತ ಕೊಟ್ಟು ಬಂದಿದ್ದಳು. ಹೊಟ್ಟೆಯಲ್ಲಿ ಇದೆಯೋ ಇಲ್ಲವೋ ಎಂದು ಸಂಜೆಯೊಳಗೆ ತಿಳಿಯಬೇಕಿತ್ತು.

ಅವಳಿಗೆ ನಲವತ್ತಮೂರು. ಮದುವೆಯಾದದ್ದೇ ಮೂವತ್ತೆಂಟಕ್ಕೆ. ಕಾರಿನ ಹರಿದ ಸೀಟು ಹೊಲಿಸಲು ಹೋದವಳು ಹೊಲಿದವನನ್ನೇ ಕಟ್ಟಿಕೊಂಡು ಬಂದಳು ಎಂದು ಗೆಳತಿಯರು ಆಡಿಕೊಳ್ಳುತ್ತಿದ್ದರು. ಗಂಡ ಸೋಫಾ, ಕುರ್ಚಿ, ಕಾರಿನ ಸೀಟು ರಿಪೇರಿ ಮಾಡುವವನು. ಅವನಿಗೆ ಐವತ್ತರ ಹತ್ತಿರ. ತಡವಾಗಿ ಮದುವೆಯಾದವರಿಗೆ ಎಲ್ಲವೂ ಬೇಗ ಬೇಗ ಆಗಬೇಕು. ಆದರೆ ಹೊಟ್ಟೆಗೆ ಯಾರ ಆತುರ ಗೊತ್ತು? ಕಾದು ಕಾದು ಸಾಕಾಗಿ ಕ್ಲಿನಿಕ್ಕಿಗೆ ಹೋದರು. ಮೊದಲನೆಯ ಸಲ ಒಳಗಿಟ್ಟ ಭ್ರೂಣ ನಿಲ್ಲಲಿಲ್ಲ. ಎರಡನೆಯ ಸಲ ನಿಂತಿತು, ಎರಡು ತಿಂಗಳು ಇದ್ದು, ಒಂದು ಸಂಜೆ ಹೊರಟುಹೋಯಿತು. ಆಮೇಲೆ ಎಷ್ಟೋ ಇಂಜೆಕ್ಷನ್ ಚುಚ್ಚಿ ಅಂಡಗಳನ್ನು ತೆಗೆದರೆ, ಅದರಲ್ಲಿ ಭ್ರೂಣವಾಗಿ ಬೆಳೆದದ್ದು ಒಂದೇ ಒಂದು. ಅದನ್ನು ಫ್ರೀಜರಿನಲ್ಲಿ ಕಾಪಾಡಿ, ಈಗ ಒಳಗಿಟ್ಟದ್ದಾಗಿತ್ತು. ಇದಾಗದಿದ್ದರೆ ಇಲ್ಲಿಗೆ ಮುಗಿಯಿತು ಎಂದು ಡಾಕ್ಟರಮ್ಮ ಹೇಳಿದ್ದರು. ಗಂಡ ಹೆಂಡತಿಯೂ ಹಾಗೆಂದು ಮಾತಾಡಿಕೊಂಡಿದ್ದರು. ಮಾತಾಡಿಕೊಳ್ಳುವುದಕ್ಕೇನು, ನಾಲಿಗೆಗೆ ಎಲುಬಿಲ್ಲ.

ಒಳಗಿಟ್ಟ ಮೇಲೆ ಕಾಯಬೇಕಲ್ಲ, ಆ ದಿನಗಳು ದೇವರಿಗೇ ಪ್ರೀತಿ. ಮನೆಯ ಕಪಾಟುಗಳನ್ನೆಲ್ಲ ಎಳೆದು ಜೋಡಿಸಿದಳು, ಮತ್ತೆ ಎಳೆದು ಮತ್ತೆ ಜೋಡಿಸಿದಳು. ಕಿಟಕಿಯ ಸರಳು ಒರೆಸಿದಳು. ಅತ್ತೆ ತಾಳಲಾರದೆ, "ನನ್ನನ್ನೂ ಎತ್ತಿ ಒಂದ್ಸಲ ಕೊಡವಿಬಿಡು ತಾಯಿ, ನಾನೂ ಧೂಳು ಹಿಡಿದಿದೀನಿ," ಎಂದಿದ್ದರು. ಕ್ಲಿನಿಕ್ಕಿನಲ್ಲಿ ಪಕ್ಕ ಕೂತಿದ್ದ ಯಾರೋ ಹೆಂಗಸು "ನಿಶ್ಚಿಂತೆಯಿಂದಿರಿ, ಆಗ ತಾನಾಗೇ ಆಗುತ್ತೆ" ಎಂದು ಬುದ್ಧಿ ಹೇಳಿದಾಗಲಂತೂ ಬ್ರೇಕಕ್ಕನ ಮೈಯೆಲ್ಲ ಉರಿದುಹೋಗಿತ್ತು.

"ಚಿಂತೆ ಏನು ಚಪ್ಪಲೀನಾ, ಬಾಗಿಲಲ್ಲಿ ಬಿಟ್ಟು ಒಳಗೆ ಬರೋಕೆ?" ಎಂದು ಕೇಳಿದ್ದಳು. ಆ ಹೆಂಗಸು ಎದ್ದು ಬೇರೆ ಕುರ್ಚಿಗೆ ಹೋಗಿ ಕೂತಳು.

ಈಗ ಆ ನರ್ಸಿನ ವಿಷಯ ಹೇಳಬೇಕು. ಕ್ಲಿನಿಕ್ಕಿನಲ್ಲಿ ಇವಳ ರಕ್ತ ತೆಗೆಯುತ್ತಿದ್ದ ಹುಡುಗಿ ಇವಳ ಹತ್ತಿರವೇ ಕಾರು ಕಲಿಯುತ್ತಿದ್ದಳು. ಬೆಳಿಗ್ಗೆ ಅವಳು ಸೂಜಿ ಹಿಡಿದರೆ ಇವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮಧ್ಯಾಹ್ನ ಅವಳು ಸ್ಟೀರಿಂಗ್ ಹಿಡಿದರೂ ಇವಳೇ ಕಣ್ಣು ಮುಚ್ಚಿಕೊಳ್ಳಬೇಕು, ಅಷ್ಟು ಚಂದ ಅವಳ ಡ್ರೈವಿಂಗು. ಮೂರು ಸಲ ಪರೀಕ್ಷೆ ಕೊಟ್ಟು ಮೂರು ಸಲವೂ ಫೇಲಾಗಿದ್ದಳು. ಕ್ಲಿನಿಕ್ಕಿನಲ್ಲಿ "ಸಿಸ್ಟರ್, ನೀವು" ಎನ್ನುವ ಬ್ರೇಕಕ್ಕ ಕಾರಿನಲ್ಲಿ "ಏ ಹುಡುಗಿ, ಕ್ಲಚ್ಚು ನಿಧಾನ ಬಿಡೇ" ಎನ್ನುತ್ತಿದ್ದಳು. ಮೂರನೆಯ ಸಲ ಫೇಲಾದ ದಿನ ಹುಡುಗಿಯನ್ನು ಸಮಾಧಾನ ಮಾಡಲು, "ಹೋಗ್ಲಿ ಬಿಡು, ಮುಂದಿನ ಸಲ ಆಗೇ ಆಗುತ್ತೆ," ಎಂದು ಹೇಳಿ ನಾಲಿಗೆ ಕಚ್ಚಿಕೊಂಡಿದ್ದಳು. ಇದೇ ಮಾತನ್ನು ಇದೇ ಹುಡುಗಿ ಹಿಂದಿನ ವಾರ ಇವಳಿಗೆ ಕ್ಲಿನಿಕ್ಕಿನಲ್ಲಿ ಹೇಳಿದ್ದಳು! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕ ರಭಸಕ್ಕೆ ಕಾರು ನಿಂತುಹೋಯಿತು. ಅವತ್ತೇ ಒಂದು ಒಪ್ಪಂದವಾಯಿತು, ಕಾರಿನಲ್ಲಿ ಕ್ಲಿನಿಕ್ಕಿನ ಮಾತಿಲ್ಲ, ಕ್ಲಿನಿಕ್ಕಿನಲ್ಲಿ ಕಾರಿನ ಮಾತಿಲ್ಲ ಎಂದು.

ಬ್ರೇಕಕ್ಕನಿಗೆ ಒಂದು ಜಂಬವಿತ್ತು. "ಬಾಯಿ ಏನು ಬೇಕಾದ್ರೂ ಹೇಳುತ್ತೆ, ಕಾಲು ಮಾತ್ರ ಸುಳ್ಳು ಹೇಳಲ್ಲ," ಎಂದು ಹೊಸಬರಿಗೆಲ್ಲ ಹೇಳುತ್ತಿದ್ದಳು. ಕ್ಲಚ್ಚಿನ ಮೇಲಿನ ಎಡಗಾಲು ನೋಡಿದರೆ ಸಾಕು, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ, ಯಾರಿಗೆ ಕಲಿಯುವ ಮನಸ್ಸೇ ಇಲ್ಲ, ಎಲ್ಲ ತಿಳಿಯುತ್ತಿತ್ತು. ದೊಡ್ಡ ಆಫೀಸರೊಬ್ಬರು "ನನಗೆ ಭಯ ಅನ್ನೋದೇ ಇಲ್ಲ" ಎಂದು ಕೊಚ್ಚಿಕೊಳ್ಳುತ್ತಿದ್ದಾಗ ಅವರ ಎಡಗಾಲು ಹೊಲಿಗೆ ಮಿಷನ್ನಿನ ಹಾಗೆ ನಡುಗುತ್ತಿದ್ದುದನ್ನು ಇವಳು ವರ್ಷಗಟ್ಟಲೆ ನೆನಪಿಟ್ಟುಕೊಂಡಿದ್ದಳು. ಒಬ್ಬ ಹುಡುಗಿಗೆ, "ನಿಂಗೆ ಗೊತ್ತು ಮಾಡಿರೋ ಗಂಡು ಇಷ್ಟ ಇಲ್ಲ ಅಲ್ವೇನೇ?" ಎಂದು ಕೇಳಿ, ಅದು ನಿಜವಾಗಿ, ಆ ಹುಡುಗಿಯ ಅಪ್ಪನಿಂದ ಬೈಸಿಕೊಂಡೂ ಇದ್ದಳು. ಇಂಥ ಜಂಬ ಇದ್ದವರು ಎಡವುವುದಿಲ್ಲವೇ? ಎಡವುತ್ತಾರೆ, ಅದೂ ಹಾಡುಹಗಲಲ್ಲೇ.

ಆ ಮಧ್ಯಾಹ್ನ ನರ್ಸಿನ ಪಾಠವಿತ್ತು. ಬೇಡವೆನ್ನಬಹುದಿತ್ತು. ಆದರೆ ಮನೆಯಲ್ಲಿ ಕೂತು ಫೋನನ್ನು ನೋಡುವುದಕ್ಕಿಂತ ರಸ್ತೆಯೇ ವಾಸಿ ಎಂದು ಹೊರಟಳು. ಫಲಿತಾಂಶ ಹೇಳುವುದು ಡಾಕ್ಟರಮ್ಮನೇ, ಬೇರೆ ಯಾರೂ ತುಟಿ ಬಿಚ್ಚುವಂತಿಲ್ಲ ಎಂಬುದು ಕ್ಲಿನಿಕ್ಕಿನ ನಿಯಮ. ಆದರೆ ಲ್ಯಾಬಿನಿಂದ ಬಂದದ್ದೆಲ್ಲ ಮೊದಲು ನರ್ಸಿನ ಕಣ್ಣಿಗೆ ಬೀಳುತ್ತದೆ. ಇದು ಬ್ರೇಕಕ್ಕನಿಗೆ ಹೊಳೆದದ್ದು ಹುಡುಗಿ ಬಂದು ಬಾಗಿಲು ತೆಗೆದಾಗ. ಯೂನಿಫಾರ್ಮ್ ಕೂಡ ಬದಲಾಯಿಸದೆ ಬಂದಿದ್ದಳು. "ನಮಸ್ಕಾರ ಅಕ್ಕಾ," ಎಂದಳು, ಆದರೆ ಅದನ್ನು ಹೇಳಿದ್ದು ಸ್ಟೀರಿಂಗಿಗೆ.

ಅಯ್ಯೋ ಶಿವನೇ, ಇವಳಿಗೆ ಗೊತ್ತಿದೆ ಎಂದುಕೊಂಡಳು ಬ್ರೇಕಕ್ಕ.

"ಸೀಟ್ ಬೆಲ್ಟು," ಎಂದಳು.

"ಹ್ಞೂಂ ಅಕ್ಕಾ."

"ಕನ್ನಡಿ ನೋಡ್ಕೊಂಡ್ಯಾ?"

"ಹ್ಞೂಂ."

"ಹ್ಯಾಂಡ್ ಬ್ರೇಕು ಯಾರು ಇಳಿಸ್ತಾರೆ, ನಮ್ಮತ್ತೆ ಬಂದು ಇಳಿಸ್ತಾರಾ?"

ಬೇರೆ ದಿನವಾಗಿದ್ದರೆ ಹುಡುಗಿ ಕಿಸಕ್ಕನೆ ನಗುತ್ತಿದ್ದಳು. ಅವತ್ತು ಹ್ಯಾಂಡ್ ಬ್ರೇಕ್ ಇಳಿಸಿದಳು, ಕಾರು ಕಪ್ಪೆಯ ಹಾಗೆ ಎರಡು ಸಲ ಹಾರಿ ನಿಂತಿತು. ಮತ್ತೆ ಚಾಲು ಮಾಡಿದಳು, ಮತ್ತೆ ಹಾರಿತು. ಬ್ರೇಕಕ್ಕನ ಕಣ್ಣು ಕೆಳಕ್ಕೆ ಹೋಯಿತು. ಕ್ಲಚ್ಚಿನ ಮೇಲಿದ್ದ ಎಡಗಾಲು ಗಡಗಡ ನಡುಗುತ್ತಿತ್ತು.

ಟಯರ್ ಅಂಗಡಿ ದಾಟಿದರು, ಶಾಲೆಯ ಗೋಡೆ ದಾಟಿದರು. ಕೇಳಲೇ? ಎಂದುಕೊಂಡಳು. ಬೇಡ, ಒಪ್ಪಂದ. ಒಪ್ಪಂದ ಹಾಳಾಗಲಿ, ಕೇಳಿಯೇಬಿಡಲೇ? ಹುಡುಗಿ ಬಾಯಿಬಿಟ್ಟರೆ ಅವಳ ಕೆಲಸ ಹೋಗುತ್ತದೆ. ಹೋದರೆ ಹೋಗಲಿ ಎನ್ನುವಷ್ಟು ಕೆಟ್ಟವಳೇ ನಾನು? ಹೌದು, ಈ ಹೊತ್ತಿಗೆ ಹೌದು ಎಂದು ಅನಿಸಿ ಅವಳಿಗೇ ನಾಚಿಕೆಯಾಯಿತು. ವೃತ್ತದ ಹತ್ತಿರ ಬಂದಾಗ "ಬಲಕ್ಕೆ" ಎನ್ನುವ ಬದಲು "ಸುತ್ತು" ಎಂದಳು. ಸುತ್ತಿದ ಮೇಲೆ "ಇನ್ನೊಂದ್ಸಲ ಸುತ್ತು" ಎಂದಳು. ಪಾಠ ಮುಗಿದರೆ ಈ ಹುಡುಗಿ ಇಳಿದುಹೋಗುತ್ತಾಳೆ, ಗೊತ್ತಿರುವವಳು ಇಳಿದುಹೋಗುತ್ತಾಳೆ. ಹುಡುಗಿಯೂ ಯಾಕೆ ಎಂದು ಕೇಳದೆ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇದ್ದಳು. ನಡುವೆ ನಿಂತಿದ್ದ ಟ್ರಾಫಿಕ್ ಪೊಲೀಸಿನವನು ಇವರನ್ನು ಒಂದು ಥರಾ ನೋಡತೊಡಗಿದ.

ಕೊನೆಗೆ ಏರು ರಸ್ತೆಯ ಸಿಗ್ನಲ್ ಬಂತು. ಮುಂದೆ ಬಸ್ಸು, ಹಿಂದೆ ಲಾರಿ. ಏರಿನಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರದಂತೆ ಎತ್ತುವುದಿದೆಯಲ್ಲ, ಆ ಹುಡುಗಿ ಮೂರು ಸಲ ಫೇಲಾದದ್ದು ಅದರಲ್ಲೇ. ಹಸಿರು ದೀಪ ಬಂತು. ಕಾರು ಜರ್ರನೆ ಹಿಂದಕ್ಕೆ ಜಾರಿತು. ಲಾರಿಯವನು ಬೊಬ್ಬೆ ಹೊಡೆದ ಹಾಗೆ ಹಾರ್ನ್ ಹೊಡೆದ. ಬ್ರೇಕಕ್ಕ ಬಲವಾಗಿ ಒತ್ತಿದಳು, ಕಾರು ಲಾರಿಯ ಮೂತಿಗೆ ತಾಗುವಷ್ಟರಲ್ಲಿ ನಿಂತಿತು. ಬೀಸೋ ದೊಣ್ಣೆ ತಪ್ಪಿತು ಎಂದುಕೊಂಡು ತಿರುಗಿ ನೋಡಿದರೆ ಹುಡುಗಿ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅಳುತ್ತಿದ್ದಳು.

"ಸಾರಿ ಅಕ್ಕಾ. ಸಾರಿ. ನನ್ ಕೈಲಾಗ್ತಿಲ್ಲ."

"ಯಾಕೆ ಸಾರಿ?"

"ಕಾರು... ಹಿಂದಕ್ಕೆ..."

"ಕಾರು ಹಿಂದಕ್ಕೆ ಹೋಗಿದ್ದಕ್ಕೆ ಯಾರೂ ಹೀಗೆ ಅಳಲ್ಲ ಕಣೇ."

ಹುಡುಗಿ ತಲೆಯೆತ್ತಲಿಲ್ಲ. ಬ್ರೇಕಕ್ಕನಿಗೆ ಅಷ್ಟು ಸಾಕಾಯಿತು. ಆಗಲಿಲ್ಲ. ಕೊನೆಯದೂ ಆಗಲಿಲ್ಲ. ಈ ಪಾಪದ ಹುಡುಗಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಬಿಸಿತುಪ್ಪದ ಹಾಗೆ ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಡುತ್ತಿದೆ.

"ಏಳು," ಎಂದಳು. ಅವಳ ದನಿ ಅವಳಿಗೇ ಆಶ್ಚರ್ಯವಾಗುವಷ್ಟು ಶಾಂತವಾಗಿತ್ತು. "ಕಣ್ಣೊರೆಸ್ಕೋ. ಹಿಂದಿನವನು ಹಾರ್ನ್ ಹೊಡೀಲಿ ಬಿಡು, ಅವನ ಕೈ, ಅವನ ಹಾರ್ನು. ಹ್ಯಾಂಡ್ ಬ್ರೇಕ್ ಎಳಿ. ಮೊದಲ್ನೇ ಗೇರು. ಕ್ಲಚ್ಚು ಸ್ವಲ್ಪ ಬಿಡು, ಇನ್ನೂ ಸ್ವಲ್ಪ. ಕಾರಿನ ಮೂಗು ಎದ್ದಿದ್ದು ಗೊತ್ತಾಯ್ತಾ? ಈಗ ಹ್ಯಾಂಡ್ ಬ್ರೇಕ್ ಇಳಿಸು."

ಕಾರು ಒಂದಿಂಚೂ ಜಾರದೆ ಏರು ಹತ್ತಿತು. ಅಷ್ಟು ದಿನ ಆಗದೇ ಇದ್ದದ್ದು ಅವತ್ತು ಆಯಿತು ನೋಡಿ, ಯಾರಿಗೂ ಅದರ ಕಡೆ ಗಮನವೇ ಇಲ್ಲದಾಗ.

ಇಳಿಯುವಾಗ ಹುಡುಗಿ ಬಾಗಿಲು ಹಿಡಿದುಕೊಂಡು ನಿಂತಳು. "ಅಕ್ಕಾ, ಡಾಕ್ಟರಮ್ಮ ಆಪರೇಷನ್‌ನಲ್ಲಿದಾರೆ. ಸಾಯಂಕಾಲ ಫೋನ್ ಮಾಡ್ತಾರೆ. ದಯವಿಟ್ಟು ಎತ್ತಿ ಅಕ್ಕಾ."

"ಎತ್ತದೆ ಏನು ಮಾಡ್ಲಿ, ಹೋಗು," ಎಂದಳು ಬ್ರೇಕಕ್ಕ. ಹುಡುಗಿ ಮರೆಯಾದ ಮೇಲೆ ಫೋನನ್ನು ಆಫ್ ಮಾಡಿ ಚೀಲದ ತಳಕ್ಕೆ ತುರುಕಿದಳು. ಡಾಕ್ಟರಮ್ಮನ ಆ ಮೆತ್ತನೆಯ "ನೋಡಮ್ಮಾ..." ಅವಳಿಗೆ ಬಾಯಿಪಾಠವಾಗಿತ್ತು. ಇನ್ನೊಮ್ಮೆ ಕೇಳುವ ಶಕ್ತಿ ಇರಲಿಲ್ಲ.

ಸ್ಟೀರಿಂಗಿನ ಮುಂದೆ ಕೂತು ಅಳು ಬರಲಿ ಎಂದು ಕಾದಳು. ಬಂದದ್ದು ಹಸಿವು. ಎಂಥ ಹಸಿವು ಎಂದರೆ, ಹೊಟ್ಟೆಯೊಳಗೆ ಇಲಿ ಓಡಾಡುವುದು ಎನ್ನುತ್ತಾರಲ್ಲ, ಹಾಗೆ. ಬೇಕರಿಯ ಮುಂದೆ ಕಾರು ನಿಲ್ಲಿಸಿ ಒಂದಿಡೀ ಬ್ರೆಡ್ಡನ್ನು ನಿಂತಲ್ಲೇ ಹರಿದು ಹರಿದು ತಿಂದಳು. ತಿಂಗಳುಗಟ್ಟಲೆ ಮುಟ್ಟದಿದ್ದ ಕಾಫಿಯನ್ನು, ಸ್ಟ್ರಾಂಗಾಗಿ, ಸಕ್ಕರೆ ಸುರಿಸಿಕೊಂಡು ಕುಡಿದಳು. ಕುಡಿಯುತ್ತ ಬೀದಿ ನೋಡಿದಳು. ಬೀದಿ ಅದೇ ಬೀದಿ, ಆದರೆ ನಾಳೆ ಇಂಜೆಕ್ಷನ್ ಇಲ್ಲ, ನಾಡಿದ್ದು ಸ್ಕ್ಯಾನ್ ಇಲ್ಲ, ಇನ್ನು ಯಾವ ದಿನಕ್ಕೂ ಕಾಯುವುದಿಲ್ಲ. ಮೈ ಹಗುರವಾಯಿತು. ಹಗುರವಾದದ್ದು ತಿಳಿದು ಗಾಬರಿಯಾಯಿತು. ಇದೇನಮ್ಮಾ, ಮಗು ಇಲ್ಲ ಎಂದು ತಿಳಿದು ಹಗುರವಾಗುವ ಹೆಂಗಸು ನಾನು ಎಂಥವಳು ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಹಗುರ ಹೋಗಲಿಲ್ಲ.

ಮನೆಯ ಮುಂಭಾಗದ ಕೋಣೆಯೇ ಗಂಡನ ಅಂಗಡಿ. ಯಾರದೋ ದೊಡ್ಡ ಸೋಫಾ ಬೋರಲಾಗಿ ಬಿದ್ದಿತ್ತು, ಅವನು ಅದರ ಹಿಂಬದಿಗೆ ಹೊಸ ಬಟ್ಟೆ ಬಿಗಿಯುತ್ತಿದ್ದ. ಈ ಕೆಲಸದವರು ಚಿಕ್ಕ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತಾರೆ. ಆಗ ಅವರ ಹತ್ತಿರ ಮಾತಾಡುವುದೂ ಒಂದೇ, ಗೋಡೆಯ ಹತ್ತಿರ ಮಾತಾಡುವುದೂ ಒಂದೇ.

"ಆಗ್ಲಿಲ್ಲ ರೀ," ಎಂದಳು ಬಾಗಿಲಲ್ಲೇ ನಿಂತು.

ಅವನು ಸುತ್ತಿಗೆ ಇಳಿಸಿದ. ಬಾಯಿಯ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದ. ಕೊನೆಯದು ಬಿದ್ದ ಮೇಲೆ, "ಡಾಕ್ಟರು ಹೇಳಿದ್ರಾ?" ಎಂದ.

"ನರ್ಸಿನ ಕಾಲು ಹೇಳ್ತು."

ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಅವನು ನಂಬಿದ. ಹೆಂಡತಿಯ ಈ ವಿದ್ಯೆಯ ಮೇಲೆ ಅವನಿಗೆ ಅವಳಿಗಿಂತ ಹೆಚ್ಚು ನಂಬಿಕೆ. "ಹೌದಾ," ಎಂದು ಸೋಫಾದ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ಇವಳು ನೆಲದ ಮೇಲೆ ಕೂತಳು.

ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಅತ್ತೆಗೆ ಈ ವಿಷಯ ಏನೂ ಹೇಳಿರಲಿಲ್ಲ, ಆದ್ದರಿಂದ ಅವರಿಗೆ ಎಲ್ಲವೂ ಗೊತ್ತಿತ್ತು.

"ಆಗ್ಲಿಲ್ವಾ? ಬಿಡು ತಾಯಿ, ಸಾಕು. ಚುಚ್ಚಿಸ್ಕೊಂಡು ಚುಚ್ಚಿಸ್ಕೊಂಡು ನಿನ್ನ ಹೊಟ್ಟೆ ಜರಡಿ ಆಗಿದೆ. ನೋಡಿ ನೋಡಿ ನನ್ನ ಹೊಟ್ಟೆ ಉರೀತಿತ್ತು. ಮೊಮ್ಮಗು ಬೇಕು ಅಂತ ಅತ್ತೋರು ಯಾರಿಲ್ಲಿ?"

"ನೀನೇ ಅಲ್ವೇನಮ್ಮಾ, ಮದುವೆ ದಿನ?" ಎಂದ ಮಗ.

"ಮದುವೆ ದಿನ ಎಲ್ಲರೂ ಅದನ್ನೇ ಹೇಳ್ತಾರೆ. ಇನ್ನೇನು ಹೇಳಕ್ಕಿರುತ್ತೆ ಅವತ್ತು? ನೀವು ಅದನ್ನ ಇಷ್ಟು ವರ್ಷ ಗಂಟು ಕಟ್ಕೊಂಡು ಇಟ್ಕೊಂಡಿದ್ರಾ?" ಅತ್ತೆ ಸೊಸೆಯ ತಲೆ ಮುಟ್ಟಿ, ಮೂಗೊರೆಸಿಕೊಳ್ಳುತ್ತ ಒಳಗೆ ಹೋದರು. ರೇಡಿಯೋ ಹಾಕಿದ ಸದ್ದು ಕೇಳಿತು.

ಬ್ರೇಕಕ್ಕ ಚೀಲದಿಂದ ಮಾತ್ರೆಗಳನ್ನು ತೆಗೆದಳು. ಗರ್ಭ ನಿಲ್ಲಲಿ ಎಂದು ಹೊತ್ತುಹೊತ್ತಿಗೆ ತೆಗೆದುಕೊಳ್ಳಬೇಕಾದವು. ಬಟ್ಟೆಯ ಚೂರು, ಹಳೆ ಸ್ಪಂಜು, ಬಾಗಿದ ಮೊಳೆ ತುಂಬಿದ್ದ ಕಸದ ಮೂಟೆಗೆ ಅವನ್ನು ಎಸೆದಳು. "ಇನ್ಯಾತಕ್ಕೆ," ಎಂದಳು.

ಗಂಡ ಅದನ್ನು ನೋಡಿದ. ಅಂಗೈಯಲ್ಲಿದ್ದ ಮೊಳೆಗಳನ್ನು ಡಬ್ಬಿಗೆ ಸುರಿದ.

"ಒಂದ್ ಮಾತು ಹೇಳ್ಲಾ? ಬೈಬಾರ್ದು."

"ಹೇಳಿ. ಬೈಯೋ ಶಕ್ತಿ ಯಾರಿಗಿದೆ?"

"ಎರಡನೇದು ಹೋಯ್ತಲ್ಲ, ಅವತ್ತೇ ನಂಗೆ ಸಾಕಾಗಿತ್ತು ಕಣೇ. ಆಸ್ಪತ್ರೇಲಿ ನಿನ್ನ ಮುಖ ನೋಡಿ, ದೇವ್ರೇ, ಇನ್ನು ಬೇಡ, ಇವಳೊಬ್ಬಳಿದ್ರೆ ಸಾಕು ಅಂತ ಅಂದ್ಕೊಂಡೆ. ಆಮೇಲೆಲ್ಲ ಹ್ಞೂಂ ಅಂದಿದ್ದು ನಿಂಗೋಸ್ಕರ."

ಬ್ರೇಕಕ್ಕ ದಡಕ್ಕನೆ ನೆಟ್ಟಗೆ ಕೂತಳು. "ಏನಂದ್ರಿ?"

"ಬೈಯಲ್ಲ ಅಂದಿದ್ದೆ ನೀನು."

"ನಾನು ನಿಮಗೋಸ್ಕರ ಮಾಡ್ತಿದ್ದೆ ರೀ! ಎರಡನೇದು ಹೋದಾಗ ನಾನು ಅತ್ತಿದ್ದೂ ನಿಮಗೋಸ್ಕರಾನೇ. ಈ ಮನುಷ್ಯನಿಗೆ ಒಂದು ಮಗು ಕೊಡಕ್ಕೂ ಆಗ್ಲಿಲ್ವಲ್ಲ ನನ್ ಕೈಲಿ ಅಂತ. ಆ ಪುಟ್ಟ ಕುರ್ಚಿ ಬಂದಿತ್ತಲ್ಲ, ಮಕ್ಕಳದು, ಕೆಂಪು ಬಟ್ಟೇದು. ನೀವು ಅದನ್ನ ತೊಡೆ ಮೇಲಿಟ್ಕೊಂಡು ಒಂದು ಸಂಜೆ ಪೂರ್ತಿ ಸವರ್ತಾ ಕೂತಿದ್ರಿ. ನನ್ನ ಕರುಳು ಕಿತ್ತು ಬಂದಿತ್ತು."

"ಸವರ್ತಿದ್ನಾ? ಸ್ಪಂಜು ಸರಿಯಾಗಿ ಕೂತಿರ್ಲಿಲ್ಲ, ಒಂದು ಕಡೆ ಉಬ್ಬಿತ್ತು. ಎಲ್ಲಿ ಅಂತ ಹುಡುಕ್ತಿದ್ದೆ!"

"ಸ್ಪಂಜಾ?"

"ಸ್ಪಂಜೇ ಕಣೇ!"

ಇಬ್ಬರಿಗೂ ನಗು ಬಂತು. ಮೊದಲು ಸಣ್ಣದಾಗಿ, ಆಮೇಲೆ ತಡೆಯಲಾರದಷ್ಟು. ಅತ್ತೆ ಒಳಗೆ ರೇಡಿಯೋ ಸಣ್ಣ ಮಾಡಿದರು, ಇವರಿಗೆ ತಲೆ ಕೆಟ್ಟಿತೋ ಏನೋ ಎಂದು. ಅವಳು ಅವನ ಮಂಡಿಗೆ ಗುದ್ದಿದಳು. ಅವನು ಕಣ್ಣೊರೆಸಿಕೊಂಡ. ಅವಳ ಮೂಟೆ ಎಂದು ಅವನು, ಅವನ ಮೂಟೆ ಎಂದು ಅವಳು, ಇಬ್ಬರೂ ಇಷ್ಟು ವರ್ಷ ಬೆನ್ನು ಬಾಗಿಸಿಕೊಂಡು ಹೊತ್ತದ್ದೇ ಹೊತ್ತದ್ದು. ಬಾಯಿ ಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಇಂಥವರಿಗೆ ಏನೆನ್ನಬೇಕು ಹೇಳಿ. ಮಗುವಿಗೆಂದು ಚಿಕ್ಕ ಕೋಣೆಯನ್ನು ಖಾಲಿ ಇಟ್ಟಿದ್ದು ಸಾಕು, ಹೊಲಿಗೆ ಮಿಷನ್ನನ್ನು ಅಲ್ಲಿಗೆ ಹಾಕೋಣ ಎಂದ ಅವನು. ಬೆಳಕು ಚೆನ್ನಾಗಿದೆ, ಹಾಕಿ ಎಂದಳು ಇವಳು. ಎಲ್ಲಾದರೂ ಹೋಗಿ ಬರೋಣ, ಕ್ಲಿನಿಕ್ಕಿಲ್ಲದ ಊರಿಗೆ ಎಂದಳು. ಅವನು ಹ್ಞೂಂ ಎಂದ. ಮಾತಿನ ನಡುವೆ ಅವನ ಕೆಳತುಟಿ ಒಂದೆರಡು ಸಲ ನಡುಗಿತು. ಇವಳು ನೋಡಿಯೂ ನೋಡದ ಹಾಗೆ ಇದ್ದಳು.

ಆಗ ಎಲ್ಲೋ ಫೋನ್ ಹೊಡೆದುಕೊಂಡಿತು.

ಅವನು ಜೇಬು ಮುಟ್ಟಿಕೊಂಡ. ಮೇಜು ನೋಡಿದ. ಸದ್ದು ಬರುತ್ತಿದ್ದುದು ಬೋರಲು ಬಿದ್ದ ಸೋಫಾದ ಒಳಗಿನಿಂದ. ಕೆಲಸದ ಭರದಲ್ಲಿ ಫೋನನ್ನು ಚೌಕಟ್ಟಿನ ಮೇಲಿಟ್ಟು, ಅದರ ಮೇಲೇ ಬಟ್ಟೆ ಬಿಗಿದು ಮೊಳೆ ಹೊಡೆದಿದ್ದ ಆಸಾಮಿ. ಸದ್ದು ನಿಂತಿತು, ಮತ್ತೆ ಶುರುವಾಯಿತು. "ಬಿಡಿ, ಗಿರಾಕಿ ಇರ್ಬೇಕು," ಎಂದಳು ಅವಳು. ಮೂರನೆಯ ಸಲ ಹೊಡೆದುಕೊಂಡಾಗ ಅವನು ಮೊಳೆ ಕೀಳುವ ಚಿಮ್ಮಟ ತೆಗೆದುಕೊಂಡು ಹೊಸ ಬಟ್ಟೆಯ ಒಂದು ಅಂಚನ್ನೇ ಕಿತ್ತು ಕೈ ಹಾಕಿದ. ಹೆಸರು ನೋಡಿದ. "ಡಾಕ್ಟರಮ್ಮ," ಎಂದ. ಸ್ಪೀಕರ್ ಹಾಕಿ ಇಬ್ಬರ ನಡುವಿನ ನೆಲದ ಮೇಲಿಟ್ಟ.

"ಎಲ್ಲಿ ಹೋಗಿದ್ರಿ ಇಬ್ಬರೂ?" ಡಾಕ್ಟರಮ್ಮನ ದನಿ ಮೆತ್ತಗಿರಲಿಲ್ಲ. "ಅವರ ಫೋನ್ ಆಫು, ನೀವು ಎತ್ತಲ್ಲ. ಸರಿ, ಕೇಳಿ. ಪಾಸಿಟಿವ್ ಬಂದಿದೆ."

ಅವಳು ಅವನನ್ನು ನೋಡಿದಳು, ಅವನು ಫೋನನ್ನು ನೋಡಿದ.

"ಕೇಳಿಸ್ತಾ? ಪಾಸಿಟಿವ್. ಆದ್ರೆ ಪೂರ್ತಿ ಕೇಳಿಸ್ಕೊಳ್ಳಿ, ರಕ್ತದಲ್ಲಿ ಹಾರ್ಮೋನಿನ ನಂಬರ್ ಕಮ್ಮಿ ಇದೆ. ಈ ಹೊತ್ತಿಗೆ ಇರಬೇಕಾದಷ್ಟು ಇಲ್ಲ. ಹೀಗೇ ಶುರುವಾಗಿ ಚೆನ್ನಾಗಿ ಬೆಳೆದದ್ದನ್ನೂ ನೋಡಿದೀನಿ, ನಿಂತು ಹೋದದ್ದನ್ನೂ ನೋಡಿದೀನಿ. ಈಗಲೇ ಏನೂ ಹೇಳಕ್ಕಾಗಲ್ಲ. ನಾಡಿದ್ದು ಬಂದು ಮತ್ತೆ ರಕ್ತ ಕೊಡಿ, ಏರಿದೆಯಾ ಇಳಿದಿದೆಯಾ ನೋಡೋಣ. ಮಾತ್ರೆ ಒಂದೂ ತಪ್ಪಿಸ್ಬೇಡಿ. ಸಾಯಂಕಾಲದ್ದು ತಗೊಂಡ್ರಾ?"

"ತಗೋತಾರೆ ಡಾಕ್ಟ್ರೇ," ಎಂದ ಅವನು. ಹೇಳುತ್ತ ಹೇಳುತ್ತಲೇ ಕಸದ ಮೂಟೆಯನ್ನು ನೆಲಕ್ಕೆ ಸುರುವಿದ. ಮಂಡಿಯೂರಿ ಬಟ್ಟೆಯ ಚೂರು, ಸ್ಪಂಜಿನ ಪುಡಿ ಎಲ್ಲ ಕೆದಕಿದ. ಬಾಗಿದ ಮೊಳೆಯೊಂದು ಬೆರಳಿಗೆ ಚುಚ್ಚಿ ರಕ್ತ ಬಂತು, ನೋಡಲಿಲ್ಲ. ಮಾತ್ರೆಯ ಹಾಳೆ ಸಿಕ್ಕಿದಾಗ ಅದನ್ನು ಅಂಗಿಗೆ ಒರೆಸಿ ಒರೆಸಿ ಅವಳ ಕೈಯಲ್ಲಿಟ್ಟ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ," ಎಂದರು. "ಕಾಲು ನೋಡಿ ಶಾಸ್ತ್ರ ಹೇಳ್ತಾಳಂತೆ ಇವಳು. ಅದನ್ನ ನಂಬೋನು ನೀನು. ನನ್ನ ಬಾಯಲ್ಲೂ ಏನೇನೋ ಆಡಿಸಿಬಿಟ್ರಿ. ನಂಗೆ ಮೊಮ್ಮಗು ಬೇಡ ಅಂತ ನಾನು ಹೇಳ್ಲಿಲ್ಲ, ತಿಳೀತಾ? ಹೊಟ್ಟೆ ಉರೀತಿತ್ತು ಅಂದೆ, ಅಷ್ಟೇ." ನೀರು ತರುತ್ತೇನೆಂದು ಒಳಗೆ ಹೋದರು.

ಬ್ರೇಕಕ್ಕ ಮಾತ್ರೆಯ ಹಾಳೆ ಹಿಡಿದುಕೊಂಡು ಕೂತೇ ಇದ್ದಳು. ಅವಳಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಈಗ ತಾನೇ ಮೂಟೆ ಇಳಿಸಿ, ಬೆನ್ನು ನೆಟ್ಟಗೆ ಮಾಡಿ, ನಕ್ಕದ್ದಾಗಿತ್ತು. ಹೌದೆಂದರೆ ಹೌದು ಎನ್ನಬೇಕು, ಇಲ್ಲವೆಂದರೆ ಇಲ್ಲ ಎನ್ನಬೇಕು. ಇದೇನು, ಇದೆ, ಆದರೆ ಕಮ್ಮಿ ಇದೆ ಎನ್ನುವುದು! ಆ ಹುಡುಗಿ ಅತ್ತದ್ದು ಯಾಕೆಂದು ಈಗ ತಿಳಿಯಿತು. ನಗಬೇಕೋ ಅಳಬೇಕೋ ಅವಳಿಗೂ ಗೊತ್ತಾಗಿರಲಿಲ್ಲ. ಕಾಲು ನಿಜವನ್ನೇ ಹೇಳಿತ್ತು. ಓದಿದವಳು ತಪ್ಪು ಓದಿದ್ದಳು.

ಕೋಣೆಯಲ್ಲಿ ಬಿದ್ದಿದ್ದ ಮಾತುಗಳನ್ನು ಈಗ ಯಾರು ಗುಡಿಸಬೇಕು? ನಂಗೆ ಅವತ್ತೇ ಸಾಕಾಗಿತ್ತು ಎಂದು ಅವನು ಹೇಳಿ ಅರ್ಧ ತಾಸೂ ಆಗಿರಲಿಲ್ಲ. ಅವನೂ ಅದನ್ನೇ ಯೋಚಿಸುತ್ತಿದ್ದ ಎಂದು ಕಾಣುತ್ತದೆ, ತಲೆಯೆತ್ತದೆ ಸುರುವಿದ ಕಸವನ್ನು ಕೈಯಿಂದ ಒಟ್ಟು ಮಾಡುತ್ತಿದ್ದ.

"ನಾಡಿದ್ದು ಹೋಗೋದು ಬೇಡ ಅಂದ್ರೂ," ಎಂದ ಮೆಲ್ಲಗೆ, "ನಾನೇನೂ ಅನ್ನಲ್ಲ ಕಣೇ."

"ನಿಮಗೆ ಬೇಕಾ?" ಎಂದಳು. "ನಿಂಗೋಸ್ಕರ ಅಂತ ಮಾತ್ರ ಅನ್ಬೇಡಿ. ಅದು ಮುಗೀತು."

ಅವನು ಕಸ ಒಟ್ಟು ಮಾಡುವುದನ್ನು ಬಿಟ್ಟ. ಬಾಯಲ್ಲಿ ಒಂದೂ ಮೊಳೆ ಇರಲಿಲ್ಲ. "ಗೊತ್ತಿಲ್ಲ," ಎಂದ. "ಮಾತ್ರೆ ಹುಡುಕೋವಾಗ ಕೈ ನಡುಗ್ತಿತ್ತು. ಅದು ಆಸೆನಾ ಹೆದರಿಕೆನಾ ಗೊತ್ತಾಗ್ತಿಲ್ಲ. ಸುಳ್ಳು ಹೇಳಲ್ಲ. ನಿಂಗೆ?"

ಅವಳು ಬಾಯಿ ತೆರೆದಳು. ಅತ್ತೆಗೆ ಪಾಪ ಆಸೆ ಎನ್ನೋಣವೆಂದರೆ, ಮೊಮ್ಮಗು ಬೇಕು ಅಂತ ಅತ್ತೋರು ಯಾರಿಲ್ಲಿ ಎಂದು ಕೇಳಿ ಅತ್ತೆ ಅದನ್ನು ಕಿತ್ತುಕೊಂಡಿದ್ದರು. ಗಂಡನಿಗೋಸ್ಕರ ಎನ್ನೋಣವೆಂದರೆ ಅದನ್ನೂ ಅವನು ಕಿತ್ತುಕೊಂಡಿದ್ದ. ಇಷ್ಟು ವರ್ಷ ಯಾರ ಹಿಂದೆ ಬಚ್ಚಿಟ್ಟುಕೊಂಡು ಬಂದಿದ್ದಳೋ ಅವರೆಲ್ಲ ಒಂದೇ ಸಂಜೆಯಲ್ಲಿ ಪಕ್ಕಕ್ಕೆ ಸರಿದು, ಅವಳೊಬ್ಬಳು ಬಯಲಲ್ಲಿ ನಿಂತ ಹಾಗಾಗಿತ್ತು. ಆ ಬೇಕರಿಯ ಮುಂದಿನ ಹಗುರ ಎಲ್ಲಿ ಹೋಯಿತೆಂದು ಹುಡುಕಿದಳು, ಸಿಗಲಿಲ್ಲ. ಹೊಟ್ಟೆಯ ಮೇಲೆ ಕೈ ಯಾವಾಗ ಹೋಗಿ ಕೂತಿತ್ತೋ ಅದೂ ತಿಳಿಯಲಿಲ್ಲ.

"ಬೇಕು," ಎಂದಳು. ಹೇಳಿದ ಮೇಲೆ ತಡೆಯಲಾಗಲಿಲ್ಲ. "ಅಯ್ಯೋ, ನಂಗೆ ಬೇಕು ರೀ. ಯಾರಿಗೆ ಬೇಡದಿದ್ರೂ ನಂಗೆ ಬೇಕು."

ಅತ್ತೆ ನೀರಿನ ಲೋಟ ತಂದು ಕೆಳಗಿಟ್ಟು ಹಿಂದಿರುಗಿದರು. ಬ್ರೇಕಕ್ಕ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು, ಅರ್ಧ ನೀರು ಕುತ್ತಿಗೆಗೆ ಇಳಿಯಿತು. ಗಂಡ ರಕ್ತ ಸುರಿಯುವ ಬೆರಳನ್ನು ಅಂಗಿಯ ತುದಿಗೆ ಒತ್ತಿಕೊಂಡು ಅವಳ ಪಕ್ಕಕ್ಕೆ ಬಂದು ಕೂತ.

"ನಾಡಿದ್ದು ಇಲ್ಲ ಅಂದ್ರೆ?" ಎಂದ.

"ಇಲ್ಲ ಅಂದ್ರೆ ಅಳ್ತೀನಿ," ಎಂದಳು ಅವಳು. "ನಿಮಗೋಸ್ಕರ ಅಲ್ಲ. ಈ ಸಲ ನನ್ನದು ಹೋಯ್ತು ಅಂತ ಅಳ್ತೀನಿ."